ಮೆದುಳು ಜ್ವರ: ಗದ್ದೆಯ ಸೊಳ್ಳೆ, ಹಂದಿ, ಬೆಳ್ಳಕ್ಕಿ ಮತ್ತು ನಿಮ್ಮ ಮಗುವಿನ ತಾಯಿ ಕಾರ್ಡ್

"ಪಕ್ಕದ ಬೀದಿಯ ಮಗುವಿಗೆ ಮೆದುಳು ಜ್ವರ ಬಂದಿದೆಯಂತೆ. ನಮ್ಮ ಮಗುವನ್ನು ಅಂಗನವಾಡಿಗೆ ಕಳಿಸಬಹುದಾ?" ಮಳೆಗಾಲ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೂ ಮೂರು. ಹಂದಿ ಮಾಂಸ ತಿಂದರೆ ಬರುತ್ತಾ? ನಮ್ಮ ಮಗುವಿಗೆ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯೋದು ಹೇಗೆ? ಊರಿಗೆಲ್ಲ ಹೊಗೆ ಹೊಡೆಸಿದರೆ ಸಾಕಾ?

ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಕಳಿಸಬಹುದು. ಈ ಜ್ವರ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಪಕ್ಕದ ಬೀದಿಯ ಮಗುವನ್ನು ಕಚ್ಚಿದಂಥ ಸೊಳ್ಳೆ ನಿಮ್ಮ ಬೀದಿಯಲ್ಲೂ ಇರುತ್ತದೆ. ಹಾಗಾಗಿ ಆ ಮಗುವಿನಿಂದ ದೂರ ಇದ್ದರೆ ಬಚಾವ್ ಅಂದುಕೊಳ್ಳಬೇಡಿ. ಇವತ್ತೇ ಮನೆಯಲ್ಲಿರುವ ತಾಯಿ ಕಾರ್ಡ್, ಅಂದರೆ ಮಗುವಿನ ಲಸಿಕೆಗಳ ತಾರೀಖು ಬರೆಯುವ ಕಾರ್ಡ್ ಹುಡುಕಿ. ಯಾಕೆ ಅಂತ 3ನೇ ಹಂತದಲ್ಲಿ ಹೇಳುತ್ತೇನೆ.

ನಾವು ಮೆದುಳು ಜ್ವರ ಅನ್ನುವುದನ್ನು ಡಾಕ್ಟರುಗಳು ಜಪಾನೀಸ್ ಎನ್ಸೆಫಲೈಟಿಸ್ ಅನ್ನುತ್ತಾರೆ. ಚೀಟಿಯಲ್ಲಿ ಚಿಕ್ಕದಾಗಿ ಜೆಇ ಅಂತ ಬರೆಯುತ್ತಾರೆ. ಎನ್ಸೆಫಲೈಟಿಸ್ ಅಂದರೆ ಮೆದುಳಿನ ಉರಿಯೂತ. ಹೆಸರಿನಲ್ಲಿ ಜಪಾನ್ ಇರುವುದು ಕಾಯಿಲೆಯನ್ನು ಮೊದಲು ಗುರುತಿಸಿದ್ದು ಅಲ್ಲಿ ಅನ್ನುವ ಕಾರಣಕ್ಕೆ. 1871ರಲ್ಲೇ ಅಲ್ಲಿ ಇದರ ದಾಖಲೆ ಇದೆ. 1935ರಲ್ಲಿ ಸತ್ತ ರೋಗಿಯೊಬ್ಬರ ಮೆದುಳಿನಿಂದ ವೈರಸ್ಸನ್ನು ಬೇರ್ಪಡಿಸಿದರು. ಭಾರತದಲ್ಲಿ 1955ರಲ್ಲಿ ವೆಲ್ಲೂರಿನ ಕಡೆ ಮೊದಲು ಕಂಡಿತು. 2005ರಲ್ಲಿ ಉತ್ತರ ಪ್ರದೇಶದ ಗೋರಖಪುರದ ಸುತ್ತ ಸಾವಿರಕ್ಕೂ ಜಾಸ್ತಿ ಜೀವ ಹೋದವು, ಅದರಲ್ಲಿ ಮಕ್ಕಳೇ ಹೆಚ್ಚು. ದೇಶ ಲಸಿಕೆಯ ಕಡೆ ಗಂಭೀರವಾಗಿ ತಿರುಗಿದ್ದು ಆಮೇಲೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು ಇಷ್ಟೇ: ಮಗುವಿನ ತಾಯಿ ಕಾರ್ಡ್, ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರ್, ಹರಿಯದ ಒಂದು ಸೊಳ್ಳೆ ಪರದೆ. 108 ಆಂಬ್ಯುಲೆನ್ಸ್ ನಂಬರ್ ಎಲ್ಲರಿಗೂ ಬಾಯಿಪಾಠ. ಜಾನುವಾರು ಇದ್ದರೆ ಪಶು ಆಂಬ್ಯುಲೆನ್ಸಿನ 1962 ಕೂಡ ಬರೆದಿಟ್ಟುಕೊಳ್ಳಿ.

ಹಂತ 1: ವೈರಸ್ ಎಲ್ಲಿ ವಾಸ ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದೊಂದು ಅರ್ಥವಾದರೆ ಮುಂದಿನ ಹಂತಗಳೆಲ್ಲ ಸುಲಭ. ಈ ಭಾಗ ಮಾತ್ರ ಹಾರಿಸಬೇಡಿ.

ಈ ವೈರಸ್ಸಿನ ಮನೆ ಮನುಷ್ಯ ಅಲ್ಲ. ಅದು ನೀರುಹಕ್ಕಿ ಮತ್ತು ಸೊಳ್ಳೆಯ ನಡುವೆ ತಿರುಗಾಡಿಕೊಂಡು ಬದುಕುತ್ತದೆ. ಹಕ್ಕಿ ಅಂದರೆ ಮುಖ್ಯವಾಗಿ ಬಕಗಳ ಜಾತಿ: ಗದ್ದೆಯಲ್ಲಿ ಎತ್ತಿನ ಹಿಂದೆ ಓಡಾಡುವ ಬೆಳ್ಳಕ್ಕಿ, ಕೆರೆ ದಂಡೆಯಲ್ಲಿ ಕಲ್ಲಿನಂತೆ ನಿಂತಿರುವ ಕೊಳದ ಬಕ, ಸಂಜೆ ಮೇಲೆ ಹೊರಡುವ ಇರುಳ ಬಕ. ಸೊಳ್ಳೆ ಅಂದರೆ ಕ್ಯೂಲೆಕ್ಸ್ ಜಾತಿಯ ಗದ್ದೆ ಸೊಳ್ಳೆ. ನಾಟಿ ಮಾಡಿ ನೀರು ನಿಲ್ಲಿಸಿದ ಗದ್ದೆ ಅದಕ್ಕೆ ಹೆರಿಗೆ ಮನೆ ಇದ್ದಂತೆ.

ಇಷ್ಟೇ ಆಗಿದ್ದರೆ ನಮಗೆ ದೊಡ್ಡ ತೊಂದರೆ ಇರಲಿಲ್ಲ. ನಡುವೆ ಹಂದಿ ಬರುತ್ತದೆ. ವೈರಸ್ ಇರುವ ಸೊಳ್ಳೆ ಹಂದಿಗೆ ಕಚ್ಚಿದರೆ, ಹಂದಿಯ ರಕ್ತದಲ್ಲಿ ವೈರಸ್ ಸಿಕ್ಕಾಪಟ್ಟೆ ಬೆಳೆಯುತ್ತದೆ. ಎರಡರಿಂದ ನಾಲ್ಕು ದಿನ ಆ ರಕ್ತ ಕುಡಿದ ಹೊಸ ಸೊಳ್ಳೆಗಳಿಗೆಲ್ಲ ವೈರಸ್ ಹತ್ತಬಹುದು. ಒಂದು ಕಿಡಿ ಹತ್ತು ದೀವಟಿಗೆ ಆಗುವುದು ಹೀಗೆ. ಪುಸ್ತಕದಲ್ಲಿ ಇಂಥ ಪ್ರಾಣಿಯನ್ನು ಆಂಪ್ಲಿಫೈಯರ್ ಅನ್ನುತ್ತಾರೆ. ಮೈಕ್ ಸೆಟ್ಟಿನಲ್ಲಿ ದನಿ ದೊಡ್ಡದು ಮಾಡುವ ಪೆಟ್ಟಿಗೆಗೂ ಅದೇ ಹೆಸರು ಅಲ್ವಾ, ಕೆಲಸವೂ ಅದೇ. ಹಂದಿ ಬೇಗ ಬೇಗ ಮರಿ ಹಾಕುತ್ತದೆ. ಹಾಗಾಗಿ ಪ್ರತಿ ವರ್ಷ ಸೋಂಕು ತಗಲದ ಹೊಸ ಮರಿಗಳು ವೈರಸ್ಸಿಗೆ ಸಿಗುತ್ತಲೇ ಇರುತ್ತವೆ.

ಮನುಷ್ಯನ ರಕ್ತದಲ್ಲಿ ಈ ವೈರಸ್ ಅಷ್ಟೊಂದು ಬೆಳೆಯುವುದಿಲ್ಲ. ರೋಗಿಯನ್ನು ಕಚ್ಚಿದ ಸೊಳ್ಳೆಗೆ ವೈರಸ್ ಸಿಗುವುದಿಲ್ಲ. ವೈರಸ್ಸಿನ ಲೆಕ್ಕದಲ್ಲಿ ನಾವು ದಾರಿ ಮುಗಿದ ಓಣಿ. ಕುದುರೆಯೂ ಹಾಗೇ, ಹಸು ಎಮ್ಮೆಯೂ ಹಾಗೇ. ವ್ಯತ್ಯಾಸ ಏನೆಂದರೆ ಮನುಷ್ಯನಿಗೂ ಕುದುರೆಗೂ ಮೆದುಳಿಗೆ ಪೆಟ್ಟು ಬೀಳಬಹುದು. ಹಸುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಹೀಗಿರುವುದರಿಂದ ರೋಗಿಯನ್ನು ಬೇರೆ ಕೋಣೆಯಲ್ಲಿ ಇಡುವ ಅಗತ್ಯ ಇಲ್ಲ. ಬೇಯಿಸಿದ ಹಂದಿ ಮಾಂಸದಿಂದ, ಹಾಲಿನಿಂದ, ಎಂಜಲಿನಿಂದ ಬರುವುದಿಲ್ಲ. ಸೊಳ್ಳೆ ಕಚ್ಚಿದರೆ ಮಾತ್ರ ಬರುತ್ತದೆ ಅಂತ ಇಟ್ಟುಕೊಳ್ಳಿ.

ಎಡವುವುದು ಇಲ್ಲಿ: ಬಹಳ ಜನ ಇದನ್ನು ಮಂಗನ ಕಾಯಿಲೆಯ ಹಾಗೆ ಅಂದುಕೊಂಡಿದ್ದಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಆ ಕಾಯಿಲೆ ಗೊತ್ತಾಯಿತು. ಇವತ್ತಿಗೂ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಜನ ಎಚ್ಚರ ಆಗುತ್ತಾರೆ. ಅದು ಹರಡುವುದು ಉಣ್ಣೆಯಿಂದ. ಮೆದುಳು ಜ್ವರದ ಅಣ್ಣತಮ್ಮನಂಥ ಇನ್ನೊಂದು ವೈರಸ್ ವೆಸ್ಟ್ ನೈಲ್. 1999ರಲ್ಲಿ ಅದು ನ್ಯೂಯಾರ್ಕಿಗೆ ಕಾಲಿಟ್ಟಾಗ ಅಲ್ಲಿನ ಕಾಗೆಗಳು ಸತ್ತು ಬಿದ್ದು ಸುಳಿವು ಕೊಟ್ಟವು. ಮೆದುಳು ಜ್ವರದಲ್ಲಿ ಆ ಅನುಕೂಲ ಇಲ್ಲ. ಬೆಳ್ಳಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆರಾಮಾಗಿ ಹಾರಾಡಿಕೊಂಡು ಇರುತ್ತದೆ. ಹಂದಿಯೂ ಬಹುಪಾಲು ಗೊರಕೆ ಹೊಡೆದುಕೊಂಡು ಮಲಗಿರುತ್ತದೆ. ಊರಿನಲ್ಲಿ ಯಾವ ಪ್ರಾಣಿಯೂ ಸಾಯುತ್ತಿಲ್ಲ ಅನ್ನುವುದು ಇಲ್ಲಿ ಸಮಾಧಾನದ ಮಾತಲ್ಲ.

ಬೆಳ್ಳಕ್ಕಿ ಓಡಿಸುವುದು, ಅವು ಗೂಡು ಕಟ್ಟಿದ ಮರ ಕಡಿಯುವುದು ಬೇಡ. ಒಂದು ಮರದಿಂದ ಎಬ್ಬಿಸಿದರೆ ಅವು ಪಕ್ಕದ ಊರಿನ ಮರಕ್ಕೆ ಹೋಗುತ್ತವೆ, ವೈರಸ್ಸೂ ಜೊತೆಗೆ ಹೋಗುತ್ತದೆ.

ಹಂತ 2: ನಿಮ್ಮ ಮನೆಯ ಸುತ್ತ ಒಂದು ಸುತ್ತು ಹಾಕಿ

ಗದ್ದೆ ಸೊಳ್ಳೆ ಒಂದೆರಡು ಕಿಲೋಮೀಟರ್ ಆರಾಮಾಗಿ ಹಾರುತ್ತದೆ. ಆ ದೂರದಲ್ಲಿ ಏನೇನಿದೆ ನೋಡಿ. ನೀರು ನಿಂತ ಭತ್ತದ ಗದ್ದೆ ಇದೆಯಾ? ಹುಲ್ಲು ಬೆಳೆದ ನಾಲೆ, ಜೌಗು, ಅಂತರಗಂಗೆ ತುಂಬಿದ ಕೆರೆ? ಹಂದಿ ಸಾಕುವವರಿದ್ದಾರಾ, ಬೀದಿಯಲ್ಲಿ ಹಂದಿ ತಿರುಗುತ್ತವಾ? ಸಂಜೆ ಬೆಳ್ಳಕ್ಕಿ ಹಿಂಡು ಬಂದು ಕೂರುವ ಮರ ಇದೆಯಾ?

ನೀರು, ಹಂದಿ, ಹಕ್ಕಿ ಮೂರೂ ಒಟ್ಟಿಗೆ ಇದ್ದರೆ ಜಾಸ್ತಿ ಎಚ್ಚರ ಬೇಕು. ಕರ್ನಾಟಕದಲ್ಲಿ ಮಂಡ್ಯ, ಕೋಲಾರ, ಬಳ್ಳಾರಿ, ರಾಯಚೂರು ಈ ವಿಷಯದಲ್ಲಿ ಹಳೆಯ ಹೆಸರುಗಳು. ಹೆಚ್ಚಿನ ಕಡೆ ನಾಲೆ ನೀರು, ಭತ್ತ. ಕೋಲಾರದಲ್ಲಿ ಕೆರೆಗಳ ಕೆಳಗಿನ ಗದ್ದೆ. ಮಳೆ ಶುರುವಾಗಿ ನಾಟಿ ಮುಗಿದ ಮೇಲೆ ಸೊಳ್ಳೆ ಏರುತ್ತದೆ. ವರ್ಷಕ್ಕೆ ಎರಡು ಬೆಳೆ ಭತ್ತ ಇದ್ದರೆ ಬೇಸಿಗೆ ಬೆಳೆಯಲ್ಲೂ ಏರುತ್ತದೆ. ಮಳೆಗಾಲ ಮುಗೀತು ಅಂತ ಪರದೆ ಮಡಿಸಿ ಅಟ್ಟಕ್ಕೆ ಹಾಕಬೇಡಿ.

ಪಟ್ಟಣದ ಅಂಚಿನಲ್ಲಿ ಇರುವವರಿಗೂ ಇದೇ ಮಾತು. ಲೇಔಟ್ ಆಗಿರಬಹುದು, ಮೂರನೇ ಕ್ರಾಸಿನ ಆಚೆ ಗದ್ದೆ ಇರುತ್ತದೆ.

ಹಂತ 3: ತಾಯಿ ಕಾರ್ಡ್ ತೆಗೆದು ಎರಡು ಡೋಸ್ ಆಗಿದೆಯಾ ನೋಡಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಹಕ್ಕಿ, ಹಂದಿ, ಗದ್ದೆ ಯಾವುದೂ ಪೂರ್ತಿ ನಮ್ಮ ಕೈಯಲ್ಲಿಲ್ಲ. ಲಸಿಕೆ ಇದೆ.

ಜೆಇ ಲಸಿಕೆ ಸರ್ಕಾರದ ಪಟ್ಟಿಯಲ್ಲಿ ಇದೆ, ಪುಕ್ಕಟೆ. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ದಡಾರ-ರುಬೆಲ್ಲಾ ಲಸಿಕೆಯ ಜೊತೆಗೇ. ಎರಡನೆಯದು 16ರಿಂದ 24 ತಿಂಗಳ ನಡುವೆ. ಕಾರ್ಡಿನಲ್ಲಿ ಜೆಇ-1, ಜೆಇ-2 ಅಂತ ಎರಡು ಮನೆ ಇರುತ್ತವೆ. ಎರಡರಲ್ಲೂ ತಾರೀಖು ಇರಬೇಕು.

ಈ ಲಸಿಕೆ ಎಲ್ಲ ಜಿಲ್ಲೆಗೂ ಒಟ್ಟಿಗೆ ಬರಲಿಲ್ಲ. 2006ರಲ್ಲಿ ದೇಶದ 11 ಜಿಲ್ಲೆಗಳಲ್ಲಿ ಶುರುವಾದಾಗ ನಮ್ಮ ರಾಜ್ಯದಿಂದ ಇದ್ದದ್ದು ಬಳ್ಳಾರಿ ಒಂದೇ. ಆಮೇಲೆ ಬೇರೆ ಜಿಲ್ಲೆಗಳು ಸೇರುತ್ತಾ ಹೋದವು. 2022ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಹಾಸನ, ತುಮಕೂರು, ಹಾವೇರಿ, ಗದಗ, ಬಾಗಲಕೋಟೆ ಸೇರಿ ಇನ್ನೂ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಯಿತು. ಸುಮಾರು 48 ಲಕ್ಷ ಮಕ್ಕಳ ಗುರಿ ಇತ್ತು. ಹಾಗಾಗಿ ದೊಡ್ಡ ಮಗನ ಕಾರ್ಡಿನಲ್ಲಿ ಜೆಇ ಇಲ್ಲದೆ, ಚಿಕ್ಕ ಮಗಳ ಕಾರ್ಡಿನಲ್ಲಿ ಇದ್ದರೆ ಗಾಬರಿ ಬೇಡ. ದೊಡ್ಡವನಿಗೆ ಶಾಲೆಯಲ್ಲಿ ಹಾಕಿದರಾ ಅಂತ ವಿಚಾರಿಸಿ. ಆಗ ಕೊಟ್ಟ ಚೀಟಿ ಇದ್ದರೆ ಕಾರ್ಡಿಗೆ ಪಿನ್ ಮಾಡಿಡಿ.

ನಮ್ಮಲ್ಲಿ ಎರಡು ಬಗೆಯ ಲಸಿಕೆ ಬಳಕೆಯಲ್ಲಿವೆ. ಒಂದು ಶಕ್ತಿಗುಂದಿಸಿದ ಜೀವಂತ ವೈರಸ್ಸಿನದು, ಚೀನಾದಲ್ಲಿ ತಯಾರಾಗಿದ್ದು. ಇನ್ನೊಂದು ಸತ್ತ ವೈರಸ್ಸಿನಿಂದ ಮಾಡಿದ ಜೆನ್ವ್ಯಾಕ್. ಅದಕ್ಕೆ ಬೀಜವಾಗಿ ತೆಗೆದುಕೊಂಡ ವೈರಸ್ ನಮ್ಮ ಕೋಲಾರದ ರೋಗಿಯೊಬ್ಬರಲ್ಲಿ ಸಿಕ್ಕಿದ್ದು! ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಆ ತಳಿಯನ್ನು ಕಾಪಾಡಿ ಇಟ್ಟಿತ್ತು. ಹೈದರಾಬಾದಿನ ಭಾರತ್ ಬಯೋಟೆಕ್ ಅದರಿಂದ ಲಸಿಕೆ ಮಾಡಿ 2013ರಲ್ಲಿ ಹೊರತಂದಿತು. ನಿಮ್ಮ ಕೇಂದ್ರದಲ್ಲಿ ಯಾವುದು ಇದ್ದರೂ ಹಾಕಿಸಿ, ಸುಮ್ನೆ ಆರಿಸುತ್ತಾ ಕೂರಬೇಡಿ. ಗರ್ಭಿಣಿಯರಿಗೆ ಮತ್ತು ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ ಮಾತ್ರ ಜೀವಂತ ಲಸಿಕೆ ಹಾಕುವುದಿಲ್ಲ. ಅದನ್ನು ಮೊದಲೇ ಹೇಳಿ.

ಮಾಡುವ ಕ್ರಮ ಹೀಗೆ:

1. ಕಾರ್ಡ್ ತೆಗೆಯಿರಿ, ಎರಡೂ ತಾರೀಖು ನೋಡಿ.
2. ಖಾಲಿ ಇದ್ದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಬಹುತೇಕ ಕಡೆ ಗುರುವಾರ ಲಸಿಕೆ ದಿನ.
3. ಕಾರ್ಡೇ ಕಳೆದಿದ್ದರೆ ಮಗು ಹುಟ್ಟಿದ ಮೇಲೆ ಲಸಿಕೆ ಹಾಕಿಸಿದ ಕೇಂದ್ರಕ್ಕೆ ಹೋಗಿ. ಅಲ್ಲಿನ ಸಿಸ್ಟರ್ ಹತ್ತಿರ ರಿಜಿಸ್ಟರ್ ಇರುತ್ತದೆ.
4. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಒಂದೆರಡು ದಿನ ಸಣ್ಣ ಜ್ವರ, ಸೂಜಿ ಚುಚ್ಚಿದ ಕಡೆ ನೋವು ಇರಬಹುದು.
5. ತಾರೀಖು ಬರೆಸಿಕೊಂಡೇ ಮನೆಗೆ ಬನ್ನಿ.

ಜಾಸ್ತಿ ಜನ ಜಾರುವುದು ಎರಡನೇ ಡೋಸಿನಲ್ಲಿ. ಒಂಬತ್ತು ತಿಂಗಳವರೆಗೆ ಲಸಿಕೆಗೆ ಅಂತ ಓಡಾಡಿದ ಅಮ್ಮಂದಿರು ಆಮೇಲೆ ಕೆಲಸಕ್ಕೆ ಮರಳುತ್ತಾರೆ, ಮಗು ಅಜ್ಜಿ ಮನೆಗೆ ಹೋಗುತ್ತದೆ, ಕಾರ್ಡ್ ಬೀರುವಿನಲ್ಲಿ ಉಳಿಯುತ್ತದೆ. ನಮ್ಮ ಮನೆಯಲ್ಲೇ ಹೀಗಾಗಿತ್ತು. ತಂಗಿಯ ಮಗುವಿನ ಜೆಇ-2 ಮನೆ ಖಾಲಿ ಇದ್ದದ್ದು ಕಂಡಿದ್ದು ಅಂಗನವಾಡಿಗೆ ಸೇರಿಸುವಾಗ. ತಡವಾಯಿತು ಅಂತ ನಾಚಿಕೊಂಡು ಬಿಟ್ಟುಬಿಡಬೇಡಿ. ತಡವಾಗಿಯಾದರೂ ಹಾಕಿಸಿ.

ಅಮೆರಿಕ, ಇಂಗ್ಲೆಂಡ್ ಕಡೆಯಿಂದ ರಜೆಗೆ ಬರುವ ಕನ್ನಡಿಗರಿಗೂ ಒಂದು ಮಾತು. ನಿಮ್ಮ ಮಕ್ಕಳಿಗೆ ಅಲ್ಲಿ ಈ ಲಸಿಕೆ ಮಾಮೂಲು ಪಟ್ಟಿಯಲ್ಲಿ ಇರುವುದಿಲ್ಲ. ಗದ್ದೆ ಬಯಲಿನ ಅಜ್ಜಿ ಊರಿನಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಇರುವ ಯೋಚನೆ ಇದ್ದರೆ ಹೊರಡುವ ಮುಂಚೆ ಟ್ರಾವೆಲ್ ಕ್ಲಿನಿಕ್ಕಿನಲ್ಲಿ ಕೇಳಿ. ಅಲ್ಲಿ ಸಿಗುವ ಲಸಿಕೆಗೆ ಎರಡು ಡೋಸ್ ಬೇಕು, ಮಕ್ಕಳಿಗೆ ನಡುವೆ 28 ದಿನದ ಅಂತರ. ಎರಡನೆಯದು ಹೊರಡುವುದಕ್ಕೆ ಒಂದು ವಾರ ಮೊದಲೇ ಮುಗಿದಿರಬೇಕು. ಟಿಕೆಟ್ ಬುಕ್ ಮಾಡುವಾಗಲೇ ಲೆಕ್ಕ ಹಾಕಿ.

ಹಂತ 4: ಸಂಜೆಯಿಂದ ಬೆಳಗಿನವರೆಗೆ ಕಾವಲು

ಡೆಂಗಿ ಬಗ್ಗೆ ಕಲಿತ ಪಾಠ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ಡ್ರಮ್ಮು, ತೊಟ್ಟಿ, ಟೈರಿನಲ್ಲಿ ಹುಟ್ಟುತ್ತದೆ. ಗದ್ದೆ ಸೊಳ್ಳೆ ಹುಟ್ಟುವುದು ಹೊರಗೆ, ಕಚ್ಚುವುದು ಕತ್ತಲಾದ ಮೇಲೆ. ನೀವು ತೊಟ್ಟಿ ತೊಳೆದದ್ದು ಡೆಂಗಿಗೆ ಒಳ್ಳೆಯದು. ಮೆದುಳು ಜ್ವರದ ಸೊಳ್ಳೆಗೆ ಅದರಿಂದ ಏನೂ ಆಗಿಲ್ಲ.

ಈ ಸೊಳ್ಳೆಗೆ ಮನೆಯೊಳಗೆ ಬರುವುದಕ್ಕಿಂತ ಹೊರಗೆ ಕಚ್ಚುವುದೇ ಇಷ್ಟ. ಮಕ್ಕಳು ಸಂಜೆ ಅಂಗಳದಲ್ಲಿ ಆಡುವ ಹೊತ್ತು, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು, ಜಗಲಿಯಲ್ಲಿ ಕೂತು ಹರಟುವ ಹೊತ್ತು ಅದರ ಊಟದ ಹೊತ್ತು. ಪರದೆ ಕಟ್ಟಿ ಮಲಗಿದರೆ ಒಳ್ಳೆಯದೇ. ಆದರೆ ರಾತ್ರಿ ಹತ್ತಕ್ಕೆ ಪರದೆಯೊಳಗೆ ಹೋದ ಮಗುವನ್ನು ಏಳು ಗಂಟೆಗೇ ಕಚ್ಚಿ ಮುಗಿದಿರುತ್ತದೆ.

ಹಾಗಾಗಿ ಸೂರ್ಯ ಮುಳುಗುವ ಮುಂಚೆ ಮಕ್ಕಳಿಗೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಬಯಲಾಗಿರುವ ಕೈಕಾಲಿಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿ. ಪೊಟ್ಟಣದ ಮೇಲೆ ಡೀಟ್ ಅಥವಾ ಪಿಕಾರಿಡಿನ್ ಅಂತ ಇದೆಯಾ ನೋಡಿ. ಎರಡು ತಿಂಗಳೊಳಗಿನ ಕೂಸಿಗೆ ಯಾವುದನ್ನೂ ಹಚ್ಚಬೇಡಿ, ಪರದೆಯೊಳಗೆ ಮಲಗಿಸಿ. ಮಗುವಿನ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹಾಕಿಕೊಳ್ಳುತ್ತದೆ. ಕಿಟಕಿಗೆ ಜಾಲರಿ ಹೊಡೆಸಿದ್ದರೆ ಬಾಗಿಲನ್ನೂ ಸಂಜೆ ಮುಚ್ಚಿ. ಜಾಲರಿ ಕಿಟಕಿ, ತೆರೆದ ಬಾಗಿಲು ನಮ್ಮ ಕಡೆ ಎಲ್ಲ ಮನೆಯಲ್ಲೂ ಕಾಣುವ ನೋಟ.

ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಕಾಯಿಲ್ ಹಚ್ಚುವುದು, ಬೇವಿನ ಸೊಪ್ಪಿನ ಹೊಗೆ ತುಂಬುವುದು ಬೇಡ. ಸೊಳ್ಳೆ ಹೋಗುತ್ತದೋ ಇಲ್ಲವೋ, ಮಗುವಿಗೆ ಕೆಮ್ಮು ಬರುತ್ತದೆ.

ಇನ್ನು ಯಂತ್ರದಲ್ಲಿ ಹೊಗೆ ಹೊಡೆಸುವ ಬಗ್ಗೆ. ಆ ಹೊಗೆ ತಾಗಿದ, ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಸಾಯುತ್ತದೆ. ಗದ್ದೆ ನೀರಿನಲ್ಲಿರುವ ಸೊಳ್ಳೆ ಮರಿಗೆ ಏನೂ ಆಗುವುದಿಲ್ಲ, ನಾಳೆ ನಾಡಿದ್ದು ಹೊಸ ಸೊಳ್ಳೆ ಸಿದ್ಧ. ಕಾಯಿಲೆ ಕಾಣಿಸಿದಾಗ ಆರೋಗ್ಯ ಇಲಾಖೆ ಹಂದಿ ದೊಡ್ಡಿ, ಮನೆಗಳ ಸುತ್ತ ತುರ್ತಾಗಿ ಹೊಡೆಸುವುದಕ್ಕೆ ಅರ್ಥ ಇದೆ. ಉಳಿದಂತೆ ಬೀದಿಯಲ್ಲಿ ಹೊಗೆ ಬಿಟ್ಟುಕೊಂಡು ಹೋಗುವ ಗಾಡಿಯನ್ನು ನಾನು ನಂಬುವುದಿಲ್ಲ. ಫೋಟೋಗೆ ಚೆನ್ನಾಗಿ ಬರುತ್ತದೆ, ಅಷ್ಟೇ.

ಹಂತ 5: ಹಂದಿ, ಕುದುರೆ, ಕೊಟ್ಟಿಗೆ

ಹಂದಿ ಸಾಕುವವರ ಮೇಲೆ ಸಿಟ್ಟು ಮಾಡುವವರು ಜಾಸ್ತಿ, ಅವರ ಜೊತೆ ಮಾತಾಡುವವರು ಕಡಿಮೆ. ಈ ವೈರಸ್ ಅವರಿಗೂ ನಷ್ಟ ಮಾಡುತ್ತದೆ. ದೊಡ್ಡ ಹಂದಿಗೆ ಕಾಯಿಲೆ ಕಾಣುವುದಿಲ್ಲ, ನಿಜ. ಆದರೆ ಗಬ್ಬದ ಹಂದಿಗೆ ತಗಲಿದರೆ ಕಂದು ಹಾಕುತ್ತದೆ, ಸತ್ತ ಮರಿ ಅಥವಾ ಒಣಗಿ ಕರಿಕಾದ ಮರಿ ಹುಟ್ಟುತ್ತವೆ. ಹುಟ್ಟಿದ ಕೆಲವು ಮರಿಗಳು ನಡುಗುತ್ತಾ ಸಾಯುತ್ತವೆ. ಗಂಡು ಹಂದಿಗೆ ಸ್ವಲ್ಪ ಕಾಲ ಬೀಜ ಕೆಡುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಪೂರ್ವ ಮತ್ತು ದಕ್ಷಿಣದ ರಾಜ್ಯಗಳಲ್ಲಿ ಈ ವೈರಸ್ ದೊಡ್ಡದಾಗಿ ಬಯಲಾದದ್ದೇ ಹೀಗೆ. 80ಕ್ಕೂ ಹೆಚ್ಚು ಹಂದಿ ಫಾರಮ್ಮುಗಳಲ್ಲಿ ಸೋಂಕು ಖಚಿತವಾಯಿತು, ಜನರೂ ಸತ್ತರು. ಅಲ್ಲಿಯವರೆಗೆ ಅಲ್ಲಿನ ರೈತರಿಗೆ ಇದು ಏಷ್ಯಾದ ಕಾಯಿಲೆ.

ಹಂದಿ ಸಾಕುವವರು ಮಾಡಬಹುದಾದ್ದು: ದೊಡ್ಡಿಯನ್ನು ಮನೆ, ಶಾಲೆಯಿಂದ ಆದಷ್ಟು ದೂರ ಕಟ್ಟಿ. ಐವತ್ತು ಅಡಿ ಆಚೆ ಸರಿಸಿದರೆ ಏನೂ ಪ್ರಯೋಜನ ಇಲ್ಲ, ಸೊಳ್ಳೆ ಹಾರುವ ದೂರ ಮೇಲೆ ಹೇಳಿದ್ದೇನೆ. ದೂರ ಮಾಡಲು ಜಾಗ ಇಲ್ಲದಿದ್ದರೆ ದೊಡ್ಡಿಯ ಸುತ್ತ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ಮುಖ್ಯವಾಗಿ ರಾತ್ರಿ. ತೊಳೆದ ನೀರು ನಿಲ್ಲದಂತೆ ಕಾಲುವೆ ಮಾಡಿ. ಒಂದೇ ಸಮಯದಲ್ಲಿ ಎರಡು ಮೂರು ಹಂದಿ ಕಂದು ಹಾಕಿದರೆ 1962ಕ್ಕೆ ಅಥವಾ ಪಶು ವೈದ್ಯರಿಗೆ ಹೇಳಿ, ಮಾದರಿ ತೆಗೆಸಿ. ಕಂದು ಹಾಕುವುದಕ್ಕೆ ಬೇರೆ ಕಾಯಿಲೆಗಳೂ ಕಾರಣ ಇರಬಹುದು, ಪರೀಕ್ಷೆ ಇಲ್ಲದೆ ಗೊತ್ತಾಗುವುದಿಲ್ಲ. ಸತ್ತ ಮರಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕುದುರೆ ಇರುವವರು: ಜ್ವರ, ಮೇವು ಬಿಡುವುದು, ತೂರಾಡುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಕಂಡರೆ ತಡ ಮಾಡಬೇಡಿ. ಅಂಥ ಕುದುರೆ ಗಾಬರಿಯಲ್ಲಿ ಒದೆಯಬಹುದು, ಮಕ್ಕಳನ್ನು ದೂರ ಇಡಿ. ಅದರಿಂದ ಇನ್ನೊಂದು ಕುದುರೆಗೆ ಹರಡುವುದಿಲ್ಲ.

ಹಸು ಎಮ್ಮೆಯ ವಿಷಯ ಸ್ವಲ್ಪ ತಮಾಷೆಯಾಗಿದೆ. ಗದ್ದೆ ಸೊಳ್ಳೆಗೆ ಹಸುವಿನ ರಕ್ತ ಬಲು ಇಷ್ಟ. ಹಸುವನ್ನು ಕಚ್ಚಿದರೆ ವೈರಸ್ ಅಲ್ಲಿಗೇ ನಿಲ್ಲುತ್ತದೆ, ಆ ಲೆಕ್ಕದಲ್ಲಿ ಹಸು ನಮ್ಮನ್ನು ಕಾಪಾಡುತ್ತದೆ. ಆದರೆ ಹೊಟ್ಟೆ ತುಂಬಿದ ಸೊಳ್ಳೆ ಮೊಟ್ಟೆ ಇಡುತ್ತದೆ, ಸೊಳ್ಳೆ ಸಂಖ್ಯೆ ಏರುತ್ತದೆ. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದ್ದರೆ ಹಸುವಿಗೆ ಬಂದ ಸೊಳ್ಳೆ ನಿಮ್ಮನ್ನೂ ವಿಚಾರಿಸಿಕೊಂಡು ಹೋಗುತ್ತದೆ. ಕೊಟ್ಟಿಗೆ ಪಕ್ಕದಲ್ಲಿ ಮಗುವನ್ನು ಮಲಗಿಸಬೇಡಿ.

ಹಂತ 6: ಗದ್ದೆಯ ನೀರು

ಇದು ರೈತರಿಗೆ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಒಂದು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಬತ್ತಿದರೆ ಮರಿ ಸಾಯುತ್ತದೆ. ಮಂಡ್ಯ ಕಡೆ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಸ್ವಲ್ಪ ದಿನ ನೀರು, ಸ್ವಲ್ಪ ದಿನ ಬಂದ್, ಅದನ್ನು ಬೈದುಕೊಳ್ಳುವವರೇ ಜಾಸ್ತಿ. ಸೊಳ್ಳೆಯ ಮಟ್ಟಿಗೆ ಅದು ಒಳ್ಳೆಯದೇ. ನಾಟಿ ಬೇರೂರಿದ ಮೇಲೆ ಗದ್ದೆಯನ್ನು ಆಗಾಗ ಮಣ್ಣು ಕಾಣುವಷ್ಟು ಆರಿಸಿ ಮತ್ತೆ ನೀರು ಕಟ್ಟಿದರೆ ಬೆಳೆಗೆ ತೊಂದರೆ ಇಲ್ಲ, ನೀರೂ ಉಳಿಯುತ್ತದೆ. ತೆನೆ ಕಟ್ಟುವ ಹೊತ್ತಿನಲ್ಲಿ ಮಾತ್ರ ಒಣಗಿಸಬೇಡಿ.

ಒಬ್ಬರು ಮಾಡಿದರೆ ಸಾಲದು. ಬಯಲಿನವರೆಲ್ಲ ಒಂದೇ ಸಮಯಕ್ಕೆ ಮಾಡಿದರೆ ಫಲ. ಬದು ಪಕ್ಕದ ಗುಂಡಿ ಮುಚ್ಚಿ, ನಾಲೆಯ ಹುಲ್ಲು ಕೀಳಿ. ಯೂರಿಯಾ ಜೊತೆ ಬೇವಿನ ಹಿಂಡಿ ಬೆರೆಸಿ ಹಾಕುವವರ ಗದ್ದೆಯಲ್ಲಿ ಸೊಳ್ಳೆ ಮರಿ ಕಡಿಮೆ. ಮುಚ್ಚಲಾಗದ ಹೊಂಡ, ಬಾವಿಗೆ ಸೊಳ್ಳೆ ಮರಿ ತಿನ್ನುವ ಮೀನು ಬಿಡಬಹುದು, ಆರೋಗ್ಯ ಇಲಾಖೆಯಲ್ಲಿ ಕೇಳಿ. ಗ್ಯಾಂಬೂಸಿಯಾ ಮೀನನ್ನು ಮಾತ್ರ ಕೆರೆ ಹೊಳೆಗೆ ಬಿಡಬೇಡಿ. ಊರ ಮೀನಿನ ಮರಿಗಳನ್ನೂ ಅದು ತಿಂದು ಹಾಕುತ್ತದೆ.

ಹಂತ 7: ಜ್ವರ ಬಂದರೆ ಯಾವಾಗ ಓಡಬೇಕು

ವೈರಸ್ ಹೊಕ್ಕ 250 ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಮೆದುಳಿಗೆ ಏರುತ್ತದೆ. ಉಳಿದವರಿಗೆ ಏನೂ ಆಗಿರುವುದಿಲ್ಲ, ಇಲ್ಲವೇ ಸಣ್ಣ ಜ್ವರ ಬಂದು ಹೋಗಿರುತ್ತದೆ. ಆದರೆ ಮೆದುಳಿಗೆ ಏರಿದರೆ ಹತ್ತರಲ್ಲಿ ಮೂವರವರೆಗೆ ಉಳಿಯುವುದಿಲ್ಲ. ಬದುಕಿದವರಲ್ಲೂ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಕೈಕಾಲು, ಮಾತು, ಬುದ್ಧಿ ಯಾವುದಾದರೂ ಒಂದಕ್ಕೆ ಊನ ಉಳಿಯುತ್ತದೆ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ಮಾಡುವುದು ಫಿಟ್ಸ್ ನಿಲ್ಲಿಸುವುದು, ಮೆದುಳಿನ ಊತ ಇಳಿಸುವುದು, ಉಸಿರಾಟ ಕಾಯುವುದು. ಇದರಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಸೊಳ್ಳೆ ಕಚ್ಚಿ 4ರಿಂದ 14 ದಿನಕ್ಕೆ ಶುರುವಾಗುತ್ತದೆ. ಮೊದಲು ಜ್ವರ, ತಲೆನೋವು, ವಾಂತಿ. ಚಿಕ್ಕ ಮಕ್ಕಳಲ್ಲಿ ಮೊದಲಿಗೆ ಹೊಟ್ಟೆನೋವು, ವಾಂತಿಯೇ ಮುಂದಾಗಿ ಕಾಣಬಹುದು, ಊಟ ಹಿಡಿಸಿಲ್ಲ ಅಂತ ಎರಡು ದಿನ ಕಳೆದುಹೋಗುತ್ತದೆ. ಜ್ವರದ ಜೊತೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಫೋನ್ ಮಾಡಿ:

ಮಗು ಮಂಕಾಗಿ ಮಲಗಿ ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಅಮ್ಮನನ್ನೇ ಗುರುತಿಸದಿರುವುದು, ಅಸಂಬದ್ಧ ಮಾತು, ಫಿಟ್ಸ್, ಕುತ್ತಿಗೆ ಬಿಗಿಯಾಗಿ ಗದ್ದ ಎದೆಗೆ ತಾಗಿಸಲು ಆಗದಿರುವುದು, ಕೈಯೋ ಕಾಲೋ ಸೋಲುವುದು, ಕೂಸಾದರೆ ಹಾಲು ಕುಡಿಯದೆ ಕಿರುಚಿ ಅಳುವುದು, ನೆತ್ತಿ ಉಬ್ಬುವುದು.

ಆಂಬ್ಯುಲೆನ್ಸ್ ಬರುವವರೆಗೆ:

1. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ.
2. ಕುತ್ತಿಗೆ ಸುತ್ತಲಿನ ಬಟ್ಟೆ, ದಾರ ಸಡಿಲ ಮಾಡಿ.
3. ಬಾಯಿಗೆ ಏನೂ ಹಾಕಬೇಡಿ. ಚಮಚ ಬೇಡ, ನೀರು ಬೇಡ, ಮಾತ್ರೆಯೂ ಬೇಡ.
4. ಫಿಟ್ಸ್ ಎಷ್ಟು ಹೊತ್ತು ಇತ್ತು ಅಂತ ಗಡಿಯಾರ ನೋಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿದರೂ ಒಳ್ಳೆಯದು, ಡಾಕ್ಟರಿಗೆ ಉಪಯೋಗ ಆಗುತ್ತದೆ.
5. ಕೈಕಾಲು ಅದುಮಿ ಹಿಡಿಯಬೇಡಿ.

ಕೈಗೆ ಬೀಗದ ಕೀ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಫಿಟ್ಸ್ ತಾನಾಗಿ ನಿಲ್ಲುವ ಹೊತ್ತಿಗೆ ಕೀ ಕೈಯಲ್ಲಿ ಇರುತ್ತದೆ, ಕೀರ್ತಿ ಕೀಗೆ ಸಿಗುತ್ತದೆ. ತಾಯಿತ, ಹರಕೆ ಮಾಡುವವರು ಮಾಡಿ, ಆದರೆ ಮಗು ಆಸ್ಪತ್ರೆ ಮುಟ್ಟಿದ ಮೇಲೆ. ಜ್ವರಕ್ಕೆ ಮನೆಯಲ್ಲಿ ಪ್ಯಾರಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಅಪಾಯ.

ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆಯಬೇಕು ಅನ್ನುತ್ತಾರೆ. ಇದನ್ನು ಕೇಳಿದ ಕೂಡಲೇ ಅರ್ಧ ಜನ ಬೇಡ ಅನ್ನುತ್ತಾರೆ, ಕಾಲು ಬಿದ್ದುಹೋಗುತ್ತದೆ ಅಂತ ಭಯ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರನ್ನು ಸ್ವಲ್ಪ ತೆಗೆದು ನೋಡುವ ಪರೀಕ್ಷೆ ಅದು. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಮೇಲಿನ ಕೆಳಭಾಗಕ್ಕೆ. ಒಪ್ಪಿಕೊಳ್ಳಿ. ಮೆದುಳು ಜ್ವರ ಹೌದೋ ಅಲ್ಲವೋ ತಿಳಿಯಲು ಐಜಿಎಂ ಅನ್ನುವ ಪರೀಕ್ಷೆ ಮಾಡುತ್ತಾರೆ. ಸೋಂಕಿನ ವಿರುದ್ಧ ಮೈ ಹೊಸದಾಗಿ ತಯಾರಿಸಿದ ಪ್ರತಿಕಾಯ ಇದೆಯಾ ಅಂತ ನೋಡುವುದು ಅದು. ರಕ್ತಕ್ಕಿಂತ ಬೆನ್ನಿನ ನೀರಿನಲ್ಲಿ ಅದು ಬೇಗ ಮತ್ತು ಖಚಿತವಾಗಿ ಸಿಗುತ್ತದೆ. ಕಾಯಿಲೆಯ ಮೊದಲ ಮೂರು ದಿನದಲ್ಲಿ ಮಾಡಿದರೆ ಇಲ್ಲ ಅಂತಲೂ ಬರಬಹುದು. ಮತ್ತೆ ಮಾಡಬೇಕಾಗುತ್ತದಾ ಅಂತ ಡಾಕ್ಟರನ್ನು ಕೇಳಿ. ರಾಜ್ಯದಲ್ಲಿ ಈ ಪರೀಕ್ಷೆಗಳಿಗೆ ದೊಡ್ಡ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಚೀಟಿಯಲ್ಲಿ ಎಇಎಸ್ ಅಂತ ಬರೆದಿದ್ದರೆ ಅದು ಕಾಯಿಲೆಯ ಹೆಸರಲ್ಲ. ಜ್ವರದ ಜೊತೆ ಪ್ರಜ್ಞೆ ಕೆಟ್ಟಿದೆ ಅಥವಾ ಫಿಟ್ಸ್ ಬಂದಿದೆ, ಕಾರಣ ಇನ್ನೂ ಹುಡುಕುತ್ತಿದ್ದೇವೆ ಅಂತ ಅರ್ಥ. ಕಾರಣ ಮೆದುಳು ಜ್ವರವೇ ಆಗಿರಬೇಕಿಲ್ಲ. ಗೋರಖಪುರದಲ್ಲಿ ವರ್ಷಗಟ್ಟಲೆ ಹುಡುಕಿದ ಮೇಲೆ ಬಹಳಷ್ಟು ಮಕ್ಕಳಿಗೆ ಇದ್ದದ್ದು ಸ್ಕ್ರಬ್ ಟೈಫಸ್ ಅಂತ ತಿಳಿಯಿತು. ಪೊದೆಯಲ್ಲಿರುವ ಸಣ್ಣ ನುಸಿ ಕಚ್ಚಿ ಬರುವ ಜ್ವರ ಅದು, ಮಾಮೂಲು ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಮಗುವಿನ ಕಂಕುಳು, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನಮ್ಮ ಊರಲ್ಲಿ ಎಲ್ಲರಿಗೂ ಮೆದುಳು ಜ್ವರವೇ ಅಂತ ನೀವೇ ತೀರ್ಮಾನ ಮಾಡಿ ಹೇಳಬೇಡಿ. ಜ್ವರ ಶುರುವಾದ ತಾರೀಖು, ಹೋಗಿ ಬಂದ ಊರು, ಹಾಕಿಸಿದ ಲಸಿಕೆ ಇಷ್ಟನ್ನು ಸರಿಯಾಗಿ ಹೇಳಿದರೆ ಸಾಕು. ಹೊರಡುವಾಗ ತಾಯಿ ಕಾರ್ಡ್ ಚೀಲಕ್ಕೆ ಹಾಕಿಕೊಳ್ಳಿ.

ಹಂತ 8: ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದರೆ ಕಾಯಿಲೆ ಮುಗಿಯಿತು ಅಂತಲ್ಲ. ನಡೆಯುತ್ತಿದ್ದ ಮಗು ತೆವಳಬಹುದು, ಮಾತು ನಿಂತಿರಬಹುದು, ಕೈ ನಡುಗಬಹುದು, ಸಿಟ್ಟು ಹೆಚ್ಚಬಹುದು, ಶಾಲೆಯ ಪಾಠ ತಲೆಗೆ ಹತ್ತದಿರಬಹುದು. ಇದರಲ್ಲಿ ಬಹಳಷ್ಟು ತಿಂಗಳುಗಟ್ಟಲೆ ನಿಧಾನಕ್ಕೆ ಸುಧಾರಿಸುತ್ತದೆ, ವ್ಯಾಯಾಮ ಬಿಡದೆ ಮಾಡಿಸಿದರೆ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿ ಬಗ್ಗೆ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ. ಅಂಗನವಾಡಿ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೂ ಮಗುವನ್ನು ತೋರಿಸಿ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಚೆನ್ನಾಗಿದ್ದಾನಲ್ಲ ಅಂತ ನೀವೇ ನಿಲ್ಲಿಸಬೇಡಿ, ದಿಢೀರ್ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರಳುತ್ತದೆ. ಊನ ಉಳಿದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ, ಅದಿಲ್ಲದೆ ಯಾವ ಸೌಲಭ್ಯವೂ ಸಿಗುವುದಿಲ್ಲ.

ಎಲ್ಲರ ಗಮನವೂ ಈ ಮಗುವಿನ ಮೇಲೇ ಇರುವಾಗ ಮನೆಯ ಉಳಿದ ಮಕ್ಕಳು ಮರೆತುಹೋಗುತ್ತಾರೆ. ಅದೇ ಗದ್ದೆ, ಅದೇ ಸೊಳ್ಳೆ, ಅದೇ ಅಂಗಳ. ತಮ್ಮ ತಂಗಿಯರ ಕಾರ್ಡಿನಲ್ಲಿ ಜೆಇ-2 ಮನೆ ಖಾಲಿ ಇದ್ದರೆ ಬರುವ ಗುರುವಾರ ಅವರನ್ನು ಕರೆದುಕೊಂಡು ಹೋಗಿ.